ಬಂಗಾರದ ತಕ್ಕಡಿಯಲ್ಲಿ ಭಂಗಾರ

ನಮ್ಮ ಕಡೆ ಹಳೆಯ ಸಾಮಾನು ಕೊಳ್ಳುವವನಿಗೆ ಗುಜರಿಯವ ಎನ್ನುವುದಿಲ್ಲ, ಭಂಗಾರದವ ಎನ್ನುತ್ತೇವೆ. ಮರಾಠಿಯಿಂದ ಬಂದ ಮಾತು. ಮೈಸೂರು ಕಡೆಯ ನನ್ನ ಸಹೋದ್ಯೋಗಿಯೊಬ್ಬರು ಖಾನಾಪುರಕ್ಕೆ ವರ್ಗವಾಗಿ ಬಂದ ಹೊಸತರಲ್ಲಿ, ಬೆಳಿಗ್ಗೆ ಓಣಿಯಲ್ಲಿ "ಭಂಗಾರ... ಭಂಗಾರ..." ಎಂಬ ಕೂಗು ಕೇಳಿ, ಈ ಊರಿನಲ್ಲಿ ಬಂಗಾರವನ್ನು ಕೈಗಾಡಿಯ ಮೇಲಿಟ್ಟು ಮಾರುತ್ತಾರೆಯೇ ಎಂದು ಲುಂಗಿಯಲ್ಲೇ ಹೊರಗೆ ಓಡಿ ಬಂದಿದ್ದರಂತೆ. ಎರಡಕ್ಕೂ ಇರುವುದು ಒಂದು ಮಹಾಪ್ರಾಣದ ಅಂತರ.

ಆ ಅಂತರದ ಲೆಕ್ಕವನ್ನು ನನಗೆ ಸರಿಯಾಗಿ ಮಾಡಿಸಿದವಳು ಆರನೇ ಇಯತ್ತೆಯಲ್ಲಿ ಓದುವ ನನ್ನ ಮೊಮ್ಮಗಳು.

ಹೋದ ವರ್ಷ ಮೇ ತಿಂಗಳ ಸೂಟಿಗೆ ಅವಳು ಬೆಳಗಾವಿಯಿಂದ ಖಾನಾಪುರಕ್ಕೆ ಬಂದಿದ್ದಳು. ಮಲಪ್ರಭೆ ಹುಟ್ಟುವ ಜಾಗ ನೋಡಬೇಕೆಂದು ಹಟ ಹಿಡಿದಳು. ಜಾಂಬೋಟಿಯ ಮೇಲೆ ಹಾಯ್ದು ಕಣಕುಂಬಿಗೆ ಹೋದೆವು. ಸಹ್ಯಾದ್ರಿಯ ನೆತ್ತಿಯ ಮೇಲೆ ಕುಳಿತಂತಿರುವ ಸಣ್ಣ ಊರು. ಬೆಳಗಾವಿಯಿಂದ ಚೋರ್ಲಾ ಘಟ್ಟ ಇಳಿದು ಗೋವಾಕ್ಕೆ ಹೋಗುವ ರಸ್ತೆ ಊರಿನ ಮಗ್ಗುಲಲ್ಲೇ ಇದೆ. ಮಾವುಲಿ ದೇವಿಯ ಗುಡಿ, ಪಕ್ಕದಲ್ಲಿ ರಾಮೇಶ್ವರ, ಅಲ್ಲೇ ತೀರ್ಥದ ಹೊಂಡ. ನೀರು ನೋಡಿ ಮೊಮ್ಮಗಳ ಮುಖ ಸಣ್ಣದಾಯಿತು.

"ಇಷ್ಟ ಏನು ಅಜ್ಜಾ? ಪುಸ್ತಕದಾಗ ದೊಡ್ಡ ನದಿ ಅಂತ ಬರದಾರ!"

ಎಲ್ಲರೂ ಹುಟ್ಟುವಾಗ ಸಣ್ಣವರೇ ಎಂದು ಹೇಳಿದೆ. ಈ ನೀರು ನಮ್ಮ ಖಾನಾಪುರದ ಸೇತುವೆ ಕೆಳಗೆ ಹಾಯ್ದು, ಸವದತ್ತಿ ಹತ್ತಿರ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು, ಹುಬ್ಬಳ್ಳಿ–ಧಾರವಾಡದವರಿಗೆ ಕುಡಿಯಲು ಕೊಟ್ಟು, ಕೊನೆಗೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ ಎಂದೂ ಹೇಳಿದೆ. ಅವಳ ಕಣ್ಣು ಆಗಲೇ ರಸ್ತೆಯ ಪಕ್ಕದ ಗಟಾರದ ಕಡೆ ಹೋಗಿತ್ತು. ಅಲ್ಲಿ ಚಿಪ್ಸಿನ ಖಾಲಿ ಪ್ಯಾಕೆಟ್ಟೊಂದು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

"ಹಂಗಾದ್ರ ಮಳಿ ಬಂದ್ರ ಇದೂ ಹುಬ್ಬಳ್ಳಿಗೆ ಹೋಗ್ತದೇನು?"

ನಾನು ಉತ್ತರ ಕೊಡಲಿಲ್ಲ. ಅವಳು ಚಹಾದಂಗಡಿಯವನ ಹತ್ತಿರ ಒಂದು ಹಳೆಯ ಅಕ್ಕಿ ಚೀಲ ಕೇಳಿಕೊಂಡು, ಗೋವಾ ಪ್ರವಾಸಿಗಳು ಗಾಡಿ ನಿಲ್ಲಿಸಿ ತಿಂದು ಎಸೆದು ಹೋಗುವ ಜಾಗದಲ್ಲಿ ಆಯಲು ಶುರು ಮಾಡಿದಳು. ಅರ್ಧ ತಾಸಿನಲ್ಲಿ ಚೀಲ ತುಂಬಿತು. ಒಡೆದ ಗಾಜು ಮುಟ್ಟಬೇಡ ಎಂದು ಗದರಿಸುವುದಷ್ಟೇ ನನ್ನ ಪಾಲಿನ ಕೆಲಸವಾಗಿತ್ತು.

ಮರುದಿನ ಭಂಗಾರದವ ಬಂದ. ಮೊಮ್ಮಗಳು ಕಟ್ಟೆಯ ಮೇಲೆ ಚೀಲ ಸುರುವಿದಳು. ಅವನ ಕೈ ಎಷ್ಟು ಚುರುಕು ಎಂದರೆ, ಕ್ಯಾಶ್ ಕೌಂಟರಿನಲ್ಲಿ ನಾನು ನೋಟಿನ ಕಟ್ಟು ಎಣಿಸುತ್ತಿದ್ದ ದಿನಗಳು ನೆನಪಾದವು. ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿ, ಹೌದು. ನೀರಿನ ಬಾಟಲಿ, ಹೌದು. ರಟ್ಟಿನ ಡಬ್ಬಿ, ಹೌದು. ಬಿಯರ್ ಬಾಟಲಿ ಎರಡನ್ನು ತಿರುಗಿಸಿ ನೋಡಿ ಬಾಯಿ ಒಡೆದದ್ದನ್ನು ಬಿಟ್ಟ, ಇಡಿಯದನ್ನು ತೆಗೆದುಕೊಂಡ. ಚಿಪ್ಸ್, ಕುರ್‌ಕುರೆ, ಗುಟ್ಕಾ, ಶಾಂಪೂ, ಬಿಸ್ಕೀಟು, ಮಾವಿನ ರಸದ ಪುಟ್ಟ ಡಬ್ಬಿ, ಥರ್ಮೊಕೋಲ್ ತಟ್ಟೆ ಎಲ್ಲವನ್ನೂ ಅಂಗೈಯಿಂದ ಪಕ್ಕಕ್ಕೆ ಸರಿಸಿದ. ಚೀಲದ ಮುಕ್ಕಾಲು ಪಾಲು ಆ ಪಕ್ಕದ ರಾಶಿಯಲ್ಲೇ ಉಳಿಯಿತು.

"ಕಾಕಾ, ಇದರ ಮ್ಯಾಲೂ ಬಾಣದ ತ್ರಿಕೋನ ಐತಲ್ಲ! ಇದೂ ಮರುಬಳಕಿ ಆಗ್ತದ" ಎಂದಳು ಮೊಮ್ಮಗಳು.

ಅವನು ನಕ್ಕ. "ತ್ರಿಕೋನ ತಿಂದ್ರ ಹೊಟ್ಟಿ ತುಂಬೂದಿಲ್ಲ, ತಂಗಿ."

ಬಿ.ಕಾಂ. ಓದಿ, ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಜಮಾ–ಖರ್ಚು ಬರೆದವನು ನಾನು. ಮರುಬಳಕೆ ಎಂದರೆ ವಿಜ್ಞಾನದವರ ವಿಷಯ ಎಂದು ತಿಳಿದಿದ್ದೆ. ಅವನ ಒಂದು ಮಾತಿನಿಂದ ಇದು ನನ್ನದೇ ವಿಷಯ ಎಂದು ಗೊತ್ತಾಯಿತು.

ಮೊದಲು ಆ ತ್ರಿಕೋನದ ಕಥೆ ಹೇಳಿಬಿಡುತ್ತೇನೆ. ಒಂದರ ಬಾಲವನ್ನೊಂದು ಹಿಡಿದು ಓಡುವ ಮೂರು ಬಾಣಗಳ ಚಿಹ್ನೆಯನ್ನು 1970ರಲ್ಲಿ ಅಮೆರಿಕದ ಗ್ಯಾರಿ ಆಂಡರ್ಸನ್ ಎಂಬ ವಿದ್ಯಾರ್ಥಿ ಬರೆದ. ರಟ್ಟಿನ ಡಬ್ಬಿ ತಯಾರಿಸುವ ಕಂಪನಿಯೊಂದು ಸ್ಪರ್ಧೆ ಇಟ್ಟಿತ್ತು, ಅದರಲ್ಲಿ ಅವನು ಗೆದ್ದ. 1988ರಲ್ಲಿ ಅಲ್ಲಿನ ಪ್ಲಾಸ್ಟಿಕ್ ಉದ್ಯಮದ ಸಂಘದವರು ಬಾಣಗಳ ತ್ರಿಕೋನವನ್ನೇ ಎತ್ತಿಕೊಂಡು ಒಳಗೆ ಅಂಕಿ ಹಾಕಿದರು. 1 ಎಂದರೆ ಪೆಟ್, 2 ಎಂದರೆ ಗಟ್ಟಿ ಪಾಲಿಥಿನ್, 3 ಪಿವಿಸಿ, 4 ಮೆತ್ತನೆಯ ಪಾಲಿಥಿನ್, 5 ಪಾಲಿಪ್ರೊಪಿಲಿನ್, 6 ಪಾಲಿಸ್ಟೈರಿನ್, 7 ಎಂದರೆ ಇವು ಯಾವುವೂ ಅಲ್ಲದ್ದು. ಇದು ಯಾವ ಜಾತಿಯ ಪ್ಲಾಸ್ಟಿಕ್ ಎಂದು ಬೇರ್ಪಡಿಸುವವರಿಗೆ ತಿಳಿಯಲಿ ಎಂದು ಹಾಕಿದ ಅಂಕಿ. ಪಾಸ್‌ಬುಕ್ಕಿನಲ್ಲಿ ಖಾತೆ ನಂಬರ್ ಇದ್ದ ಮಾತ್ರಕ್ಕೆ ಖಾತೆಯಲ್ಲಿ ದುಡ್ಡಿದೆ ಎಂದು ಅರ್ಥವೇ? ಈ ಅಂಕಿಯೂ ಹಾಗೆಯೇ.

ಅದೇ ಸಂಜೆ ನಾವಿಬ್ಬರೂ ಬಜಾರಿನ ಪತ್ತಾರರ ಅಂಗಡಿಗೆ ಹೋದೆವು. ಮನೆಯ ತಕ್ಕಡಿಯಲ್ಲಿ ಚಿಪ್ಸಿನ ಪ್ಯಾಕೆಟ್ ಇಟ್ಟರೆ ಮುಳ್ಳೇ ಅಲುಗುತ್ತಿರಲಿಲ್ಲ. ಪತ್ತಾರರು ಹಳೆಯ ಗಿರಾಕಿಯ ಮೋರೆ ನೋಡಿ ಇಲ್ಲ ಎನ್ನಲಾರದೆ, ಬಂಗಾರ ತೂಗುವ ಯಂತ್ರವನ್ನು ನಮ್ಮ ಮುಂದೆ ಸರಿಸಿದರು. ತೊಳೆದು ಒಣಗಿಸಿದ ಒಂದೊಂದನ್ನೂ ಇಟ್ಟು ಮೊಮ್ಮಗಳು ಬರೆದುಕೊಂಡಳು. ಹತ್ತು ರೂಪಾಯಿ ಚಿಪ್ಸಿನ ಪ್ಯಾಕೆಟ್ ಎರಡೂವರೆ ಗ್ರಾಂ. ಶಾಂಪೂ ಚೀಟಿ ಒಂದು ಗ್ರಾಮೂ ಇಲ್ಲ. ಲೀಟರಿನ ನೀರಿನ ಬಾಟಲಿ ಸುಮಾರು 20 ಗ್ರಾಂ. ಅಲ್ಯೂಮಿನಿಯಂ ಡಬ್ಬಿ 13. ಬಿಯರ್ ಬಾಟಲಿ ಇಡಲು ಹೋದಾಗ ಪತ್ತಾರರು ಕೈ ಅಡ್ಡ ಹಿಡಿದರು. "ಇದು ತೊಲಿ ತೂಗೂ ಯಂತ್ರ ಸಾಹೇಬ್ರ, ಅದನ್ನ ಕಿರಾಣಿ ಅಂಗಡ್ಯಾಗ ತೂಗ್ರಿ." ಅಲ್ಲಿ ತೂಗಿದರೆ ಅರ್ಧ ಕಿಲೋಗೆ ಸ್ವಲ್ಪ ಕಡಿಮೆ ಬಂತು.

ರಾತ್ರಿ ಊಟವಾದ ಮೇಲೆ ಹಳೆಯ ಲೆಡ್ಜರಿನಂತೆ ಗೆರೆ ಹಾಕಿ ಕುಳಿತೆವು. ಭಂಗಾರದ ದರ ವಾರವಾರಕ್ಕೂ ಬದಲಾಗುತ್ತದೆ, ಊರಿನಿಂದ ಊರಿಗೂ ಬೇರೆ. ಹಾಗಾಗಿ ಅಂದಾಜು ಹಿಡಿದೆವು. ಅಲ್ಯೂಮಿನಿಯಂ ಕಿಲೋಗೆ ₹100, ನೀರಿನ ಬಾಟಲಿ ಕಿಲೋಗೆ ₹20, ಇಡೀ ಬಿಯರ್ ಬಾಟಲಿ ಒಂದಕ್ಕೆ ₹2. ರಸ್ತೆಯಲ್ಲಿ ಆಯುವ ಹೆಣ್ಣುಮಗಳೊಬ್ಬಳಿಗೆ ದಿನಕ್ಕೆ ₹300 ಗಿಟ್ಟಬೇಕು ಎಂದುಕೊಳ್ಳಿ. ಅಲ್ಯೂಮಿನಿಯಂ ಆದರೆ 3 ಕಿಲೋ, ಸುಮಾರು 230 ಡಬ್ಬಿ. ಒಂದು ಚೀಲದಲ್ಲಿ ತುಳಿದು ತುಂಬಿ ಬಗಲಿಗೆ ಹಾಕಿಕೊಳ್ಳಬಹುದು. ನೀರಿನ ಬಾಟಲಿ ಆದರೆ 15 ಕಿಲೋ, 750 ಬಾಟಲಿ. ದೊಡ್ಡ ಚೀಲಗಳೇ ಬೇಕು, ಆದರೆ ಹೊರಬಹುದು. ಗಾಜಿನ ಬಾಟಲಿ 150 ಸಾಕು, ಆದರೆ ತೂಕ ಅರವತ್ತು ಕಿಲೋ ದಾಟುತ್ತದೆ, ಗಾಡಿ ಇಲ್ಲದೆ ಆಗದು. ಚಿಪ್ಸಿನ ಪ್ಯಾಕೆಟ್? ಒಂದು ಕಿಲೋಗೆ 400 ಪ್ಯಾಕೆಟ್, ಅಂದರೆ 400 ಸಲ ಬಗ್ಗಬೇಕು. ಆ ಕಿಲೋಗೆ ದರ ಸೊನ್ನೆ.

ಮೊಮ್ಮಗಳು ಪೆನ್ನು ಕೆಳಗಿಟ್ಟು, "400 ಸಲ ಬಗ್ಗಿ ಸೊನ್ನಿ ರೂಪಾಯಿನಾ?" ಎಂದಳು. ಹಿಂದಿನ ದಿನ ಕಣಕುಂಬಿಯಲ್ಲಿ ಅವಳೂ ಬಗ್ಗಿದ್ದಳಲ್ಲ, ಲೆಕ್ಕ ಸೊಂಟಕ್ಕೆ ನೇರವಾಗಿ ತಗಲಿತು. ಒಂದು ವಸ್ತು ಕರಗುತ್ತದೋ ಇಲ್ಲವೋ ಎಂಬುದು ಎರಡನೆಯ ಪ್ರಶ್ನೆ. ಅದನ್ನು ಎತ್ತಿಕೊಳ್ಳಲು ಒಬ್ಬರು ಬಗ್ಗುತ್ತಾರೋ ಇಲ್ಲವೋ ಎಂಬುದು ಮೊದಲನೆಯದು. ನಮ್ಮ ದೇಶದಲ್ಲಿ ಮರುಬಳಕೆಯ ಬಹುದೊಡ್ಡ ಭಾಗ ನಿಂತಿರುವುದು ಬೀದಿಯಲ್ಲಿ ಆಯುವವರ ಬೆನ್ನಿನ ಮೇಲೆ. ಅವರಿಗೆ ಸಂಬಳವಿಲ್ಲ. ಅವರ ತಕ್ಕಡಿ ಒಪ್ಪಿದ್ದು ಮಾತ್ರ ಕಾರ್ಖಾನೆಗೆ ಹೋಗುತ್ತದೆ.

ಹಾಗಾದರೆ ಅಲ್ಯೂಮಿನಿಯಂಗೆ ಅಷ್ಟು ಬೆಲೆ ಏಕೆ? ಇದಕ್ಕೆ ಬೆಳಗಾವಿಯವರು ದೂರ ಹೋಗಬೇಕಿಲ್ಲ. ನಾನು ಕಾಲೇಜಿನಲ್ಲಿದ್ದ ಸುಮಾರಿಗೆ, 1970ರ ಆಸುಪಾಸು, ಯಮನಾಪುರದಲ್ಲಿ ಇಂಡಾಲ್ ಕಾರ್ಖಾನೆ ಶುರುವಾಯಿತು. ನಮ್ಮ ವಾರಿಗೆಯ ಹುಡುಗರಿಗೆಲ್ಲ ಅಲ್ಲಿ ನೌಕರಿ ಸಿಕ್ಕರೆ ಗೆದ್ದಂತೆ ಎಂಬ ಭಾವನೆ ಇತ್ತು. ಈಗ ಅದು ಹಿಂಡಾಲ್ಕೊ, ಬಾಕ್ಸೈಟ್ ಎಂಬ ಕೆಂಪು ಕಲ್ಲಿನಿಂದ ಅಲ್ಯೂಮಿನಾ ಎಂಬ ಬಿಳಿಯ ಪುಡಿ ತಯಾರಿಸುತ್ತದೆ. ಸುಮಾರು ನಾಲ್ಕು ಕಿಲೋ ಕಲ್ಲಿನಿಂದ ಎರಡು ಕಿಲೋ ಪುಡಿ, ಆ ಎರಡು ಕಿಲೋ ಪುಡಿಯಿಂದ ಒಂದು ಕಿಲೋ ಲೋಹ. ಪುಡಿಯಿಂದ ಲೋಹ ಬಿಡಿಸುವ ಕೊನೆಯ ಮೆಟ್ಟಿಲಿನಲ್ಲೇ ಖರ್ಚು ಇರುವುದು. ಆಮ್ಲಜನಕವನ್ನು ಅಲ್ಯೂಮಿನಿಯಂ ಎಷ್ಟು ಬಿಗಿಯಾಗಿ ಅಪ್ಪಿಕೊಂಡಿರುತ್ತದೆಂದರೆ ಬರಿಯ ಬೆಂಕಿಗೆ ಬಿಡುವುದಿಲ್ಲ, ವಿದ್ಯುತ್ತೇ ಬೇಕು. 1886ರಲ್ಲಿ ಅಮೆರಿಕದ ಹಾಲ್, ಫ್ರಾನ್ಸಿನ ಎರೂ ಎಂಬ ಇಬ್ಬರು ತರುಣರು ಒಬ್ಬರಿಗೊಬ್ಬರು ಗೊತ್ತಿಲ್ಲದೆ ಈ ವಿದ್ಯೆ ಕಂಡುಹಿಡಿಯುವವರೆಗೆ ಅಲ್ಯೂಮಿನಿಯಂ ಎಂದರೆ ರಾಜಮಹಾರಾಜರ ಲೋಹವಾಗಿತ್ತು.

ಇಂದಿಗೂ ಒಂದು ಕಿಲೋ ಹೊಸ ಅಲ್ಯೂಮಿನಿಯಂ ತೆಗೆಯಲು 14 ಯೂನಿಟ್ ಆಸುಪಾಸು ವಿದ್ಯುತ್ ಬೇಕು. ನಮ್ಮ 13 ಗ್ರಾಮಿನ ಡಬ್ಬಿಗೆ ಲೆಕ್ಕ ಹಾಕಿದೆವು. ಹತ್ತು ವ್ಯಾಟಿನ ಎಲ್‌ಇಡಿ ಬಲ್ಬು ಹದಿನೆಂಟು ತಾಸು ಉರಿಯುವಷ್ಟು. ಅದೇ ಹಳೆಯ ಡಬ್ಬಿಯನ್ನು ಕರಗಿಸಿದರೆ 660 ಡಿಗ್ರಿಯಲ್ಲಿ ನೀರಾಗುತ್ತದೆ, ಹೊಸದಕ್ಕೆ ಬೇಕಾದ ಶಕ್ತಿಯ ನೂರರಲ್ಲಿ ಐದು ಪಾಲು ಸಾಕು. ಎಷ್ಟು ಸಲ ಕರಗಿಸಿದರೂ ಲೋಹ ಮುಪ್ಪಾಗುವುದಿಲ್ಲ. ಅಂದರೆ ಆ ಖಾಲಿ ಡಬ್ಬಿಯೊಳಗೆ ಒಮ್ಮೆ ಖರ್ಚಾದ ವಿದ್ಯುತ್ತು ಮುದ್ದತ್ತಿನ ಠೇವಣಿಯಂತೆ ಕುಳಿತಿದೆ. ಅದಕ್ಕೇ ಕಣಕುಂಬಿಯ ರಸ್ತೆಯಲ್ಲಿ ನೂರೆಂಟು ಕಸ ಕಂಡರೂ ಅಲ್ಯೂಮಿನಿಯಂ ಡಬ್ಬಿ ಅಪರೂಪ. ನಮ್ಮ ಮೊದಲೇ ಯಾರೋ ಆಯ್ದುಕೊಂಡು ಹೋಗಿರುತ್ತಾರೆ.

ನೀರಿನ ಬಾಟಲಿಯ ಗುಟ್ಟು ಬೇರೆ. ಪೆಟ್ ಅಷ್ಟೇನೂ ದುಬಾರಿ ವಸ್ತುವಲ್ಲ. ಆದರೆ ಬಾಟಲಿ ಪೂರ್ತಿ ಒಂದೇ ಜಾತಿಯದು, ಹೆಚ್ಚಾಗಿ ಬಣ್ಣವಿಲ್ಲದ್ದು, ದೂರದಿಂದ ನೋಡಿದರೂ ಗುರುತು ಸಿಗುತ್ತದೆ, ಒಳಗೆ ನೀರು ಬಿಟ್ಟರೆ ಬೇರೆ ಹೊಲಸಿಲ್ಲ. ಇನ್ನೊಂದು ಅನುಕೂಲವನ್ನು ನಾವು ಬಕೆಟ್ಟಿನಲ್ಲಿ ನೋಡಿದೆವು, ನೀವೂ ನೋಡಬಹುದು. ಬಾಟಲಿಯಿಂದ ಒಂದು ತುಂಡು, ಮುಚ್ಚಳದಿಂದ ಒಂದು ತುಂಡು ಕತ್ತರಿಸಿ ನೀರಿಗೆ ಹಾಕಿ. ಬಾಟಲಿಯ ತುಂಡು ಮುಳುಗುತ್ತದೆ, ಮುಚ್ಚಳದ್ದು ತೇಲುತ್ತದೆ. (ತುಂಡಿಗೆ ಗುಳ್ಳೆ ಅಂಟಿದ್ದರೆ ಬೆರಳಿನಿಂದ ಒರೆಸಿ, ಇಲ್ಲದಿದ್ದರೆ ಮೋಸ ಮಾಡುತ್ತದೆ.) ಕಾರ್ಖಾನೆಯವರೂ ಬಾಟಲಿಗಳನ್ನು ಪುಡಿ ಮಾಡಿ ದೊಡ್ಡ ನೀರಿನ ತೊಟ್ಟಿಯಲ್ಲಿ ಹಾಕಿ ಬೇರ್ಪಡಿಸುವುದು ಹೀಗೆಯೇ. ಪಿವಿಸಿಯೂ ಮುಳುಗುತ್ತದೆ, ಹಾಗಾಗಿ ಪೆಟ್ ರಾಶಿಯಲ್ಲಿ ಚೂರು ಪಿವಿಸಿ ಸೇರಿದರೂ ಅವರಿಗೆ ತಲೆನೋವು, ಕರಗಿಸುವಾಗ ಅದು ಕಪ್ಪಾಗಿ ಇಡೀ ಪಾಕ ಕೆಡಿಸುತ್ತದೆ.

ಸ್ವಚ್ಛವಾದ ಪೆಟ್ ಚೂರು ನೂಲಾಗುತ್ತದೆ. ನಿಮ್ಮ ತಲೆದಿಂಬಿನ ಒಳಗೆ, ಆಟಿಗೆಯ ಗೊಂಬೆಯ ಹೊಟ್ಟೆಯಲ್ಲಿ ಇರುವ ಪಾಲಿಯೆಸ್ಟರ್ ಹತ್ತಿ ಹಳೆಯ ಬಾಟಲಿಯದೇ ಇರಬಹುದು. 2023ರ ಫೆಬ್ರುವರಿಯಲ್ಲಿ ಪ್ರಧಾನಿ ಮೋದಿಯವರು ಸಂಸತ್ತಿಗೆ ತೊಟ್ಟುಕೊಂಡು ಬಂದ ತಿಳಿನೀಲಿ ಜಾಕೆಟ್ಟಿನ ಬಟ್ಟೆ ಇಂಥ ಬಾಟಲಿಗಳಿಂದಲೇ ಆದದ್ದು. ಅದಕ್ಕೆ ಎರಡು ದಿನ ಮೊದಲು ಬೆಂಗಳೂರಿನ ಇಂಧನ ಸಮ್ಮೇಳನದಲ್ಲಿ ಅದನ್ನು ಅವರಿಗೆ ಕೊಟ್ಟಿದ್ದರು. ಬಟ್ಟೆಯಾದ ಮೇಲೆ ಅದು ಮತ್ತೆ ಬಾಟಲಿಯಾಗುವುದು ಕಷ್ಟ ಎಂಬ ಮಾತನ್ನೂ ಇಲ್ಲೇ ಹೇಳಬೇಕು.

ಕಾಗದದ ಬಗ್ಗೆ ನನಗೆ ಸ್ವಂತ ಅನುಭವವಿದೆ. ನಾನು ಕೆಲಸ ಮಾಡುತ್ತಿದ್ದ ಶಾಖೆಯೊಂದರಲ್ಲಿ ಹಳೆಯ ದಾಖಲೆಗಳನ್ನು ಅವಧಿ ಮುಗಿದ ಮೇಲೆ ರದ್ದಿಗೆ ಹಾಕಿದ್ದರು. ಹರಿದು ಹಾಕಬೇಕಿತ್ತು, ಹಾಕಿರಲಿಲ್ಲ. ಕೆಲವು ದಿನಗಳ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಶೇಂಗಾ ಕೊಂಡರೆ, ಪೊಟ್ಟಣದ ಮೇಲೆ ನನ್ನದೇ ಅಕ್ಷರ! ಶೇಂಗಾ ತಿನ್ನುತ್ತ ಮೊತ್ತ ಕೂಡಿಸಿ ನೋಡಿದೆ, ತಾಳೆಯಾಯಿತು. ಈಗ ಹೇಳಲು ನಗು ಬರುತ್ತದೆ, ಆಗ ಎದೆ ಹೊಡೆದುಕೊಂಡಿತ್ತು.

ರದ್ದಿಗೆ, ರಟ್ಟಿಗೆ ಗಿರಾಕಿ ಎಂದಿಗೂ ಇದ್ದಾನೆ. ನಮ್ಮ ನೆರೆಯ ದಾಂಡೇಲಿಯ ಕಾಗದ ಕಾರ್ಖಾನೆಗೆ ಒಂದು ಕಾಲಕ್ಕೆ ಈ ಕಾಡುಗಳ ಬಿದಿರು ಲಾರಿಗಟ್ಟಲೆ ಹೋಗುತ್ತಿತ್ತು. ಮರ ಸಾಲದ ದೇಶ ನಮ್ಮದು, ಅದಕ್ಕೇ ಹಳೆಯ ಕಾಗದವನ್ನು ಹೊರದೇಶದಿಂದಲೂ ತರಿಸುತ್ತಾರೆ. ಕಾಗದದ ದೋಷವೆಂದರೆ ಪ್ರತಿ ಸಲ ಅರೆದಾಗಲೂ ಅದರ ನಾರು ಗಿಡ್ಡವಾಗುತ್ತದೆ. ಐದಾರು ಸಲಕ್ಕೆ ತ್ರಾಣ ಮುಗಿಯಿತು. ಇನ್ನೊಂದು ದೋಷ ತುಪ್ಪ, ಎಣ್ಣೆ. ಬೆಳಗಾವಿಯ ಕುಂದಾ ತಂದ ರಟ್ಟಿನ ಡಬ್ಬಿಗೆ ಒಳಗಿನಿಂದ ತುಪ್ಪ ಹತ್ತಿದ್ದರೆ ಅರೆಯುವಾಗ ನಾರು ಕೂಡುವುದಿಲ್ಲ, ಅದನ್ನು ಭಂಗಾರದವ ಮೂಸಿ ನೋಡಿಯೇ ಬಿಡುತ್ತಾನೆ. ಕಣಕುಂಬಿಯಲ್ಲಿ ಮೂರನೆಯ ಶತ್ರು ಮಳೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ರಟ್ಟು ಒಣಗಿದ್ದನ್ನು ನಾನಂತೂ ಕಂಡಿಲ್ಲ.

ಗಾಜಿನ ಲೆಕ್ಕ ನೋಡಿದಾಗ ನನಗೆ ಬೇಸರವಾಯಿತು. ಅಲ್ಯೂಮಿನಿಯಂನಂತೆ ಅದಕ್ಕೂ ಮುಪ್ಪಿಲ್ಲ, ಎಷ್ಟು ಸಲ ಬೇಕಾದರೂ ಕರಗಿಸಬಹುದು. ಆದರೆ ಹೊಸ ಗಾಜಿನ ಮೂಲ ವಸ್ತು ಮರಳು, ಸೋಡಾ ಪುಡಿ, ಸುಣ್ಣದ ಕಲ್ಲು. ಎಲ್ಲವೂ ಅಗ್ಗ. ಹಳೆಯ ಗಾಜು ಹಾಕಿದರೂ ಭಟ್ಟಿಗೆ 1500 ಡಿಗ್ರಿಯ ಹತ್ತಿರದ ಬೆಂಕಿ ಬೇಕೇ ಬೇಕು, ಉಳಿತಾಯ ಅಲ್ಪ. ಮೇಲಾಗಿ ತೂಕ. ಕಣಕುಂಬಿಯಿಂದ ಬೆಳಗಾವಿಗೆ 50 ಕಿಲೋಮೀಟರಿನಷ್ಟು ದಾರಿ, ಅಲ್ಲಿಂದ ಗಾಜಿನ ಭಟ್ಟಿ ಇರುವ ಊರು ಇನ್ನೂ ದೂರ. ಒಡೆದ ಗಾಜಿನ ಚೀಲಕ್ಕೆ ಸಿಗುವ ಹಣವನ್ನು ಟೆಂಪೋದ ಡೀಸೆಲ್ಲೇ ನುಂಗುತ್ತದೆ.

ಇಡೀ ಬಾಟಲಿ ಮಾತ್ರ ಇವತ್ತಿಗೂ ನಡೆಯುತ್ತದೆ, ಏಕೆಂದರೆ ಅದನ್ನು ಕರಗಿಸುವುದಿಲ್ಲ, ತೊಳೆದು ಮತ್ತೆ ತುಂಬುತ್ತಾರೆ. ನಾವು ಹುಡುಗರಿದ್ದಾಗ ಗೋಲಿಸೋಡಾ ಕುಡಿದು ಬಾಟಲಿ ಒಯ್ಯಲು ಅಂಗಡಿಯವ ಬಿಡುತ್ತಿದ್ದನೇ? ಅಲ್ಲೇ ನಿಂತು ಕುಡಿಯಬೇಕು, ಅಲ್ಲೇ ಕೊಡಬೇಕು. ಮನೆಗೆ ಬೇಕೆಂದರೆ ಬಾಟಲಿಯ ದುಡ್ಡು ಇಟ್ಟು ಹೋಗಬೇಕು. ಹೈರಮ್ ಕಾಡ್ ಎಂಬ ಇಂಗ್ಲಿಷಿನವನು 1872ರಲ್ಲಿ ಪೇಟೆಂಟ್ ಪಡೆದ ಆ ಬಾಟಲಿಯೊಳಗಿನ ಗೋಲಿಗಾಗಿ ನಾನೊಮ್ಮೆ ಒಂದು ಬಾಟಲಿ ಒಡೆದೆ. ನಮ್ಮಪ್ಪ ಠೇವಣಿಯ ದುಡ್ಡಿನ ಜೊತೆಗೆ ನನ್ನ ಬೆನ್ನಿನ ಲೆಕ್ಕವನ್ನೂ ಚುಕ್ತಾ ಮಾಡಿದರು. ಆ ಹಳೆಯ ಪದ್ಧತಿಯನ್ನೇ ಈಗ ಹೊಸದಾಗಿ ತರುತ್ತಿದ್ದಾರೆ. ತಮಿಳುನಾಡಿನ ನೀಲಗಿರಿ ಜಿಲ್ಲೆಯಲ್ಲಿ 2022ರಿಂದ ಸರ್ಕಾರಿ ಮದ್ಯದ ಅಂಗಡಿಗಳಲ್ಲಿ ಪ್ರತಿ ಬಾಟಲಿಗೆ ₹10 ಹೆಚ್ಚು ಕೊಡಬೇಕು, ಖಾಲಿ ಬಾಟಲಿ ತಂದರೆ ಅದು ವಾಪಸ್. ಕಾಡಿನಲ್ಲಿ ಆನೆಗಳ ಕಾಲಿಗೆ ಒಡೆದ ಗಾಜು ಚುಚ್ಚುತ್ತಿದೆ ಎಂಬ ದೂರು ಹೈಕೋರ್ಟಿಗೆ ಹೋದ ಮೇಲೆ ಬಂದ ಏರ್ಪಾಡು. ನಮ್ಮ ಘಟ್ಟದ ಆಚೆಯ ಗೋವಾ ಸರ್ಕಾರವೂ 2024ರಲ್ಲಿ ಇಂಥ ಠೇವಣಿ ಯೋಜನೆಯ ಅಧಿಸೂಚನೆ ಹೊರಡಿಸಿತು. ಕಣಕುಂಬಿಯ ರಸ್ತೆಯಲ್ಲಿ ಬಿದ್ದ ಪ್ರತಿ ಬಾಟಲಿಯ ಕುತ್ತಿಗೆಯಲ್ಲಿ ಹತ್ತು ರೂಪಾಯಿ ಕಟ್ಟಿದ್ದರೆ ಎಷ್ಟು ಹೊತ್ತು ಬಿದ್ದಿರುತ್ತಿತ್ತು, ಯೋಚಿಸಿ.

ಇನ್ನು ಪಕ್ಕಕ್ಕೆ ಸರಿಸಿದ ರಾಶಿ. ಥರ್ಮೊಕೋಲಿನದು ಒಂದೇ ಮಾತು. ಅದು ಬಹುಪಾಲು ಗಾಳಿ. ಗಾಡಿ ತುಂಬುತ್ತದೆ, ತಕ್ಕಡಿ ಏಳುವುದಿಲ್ಲ. ಮಾವಿನ ರಸದ ಡಬ್ಬಿಯಲ್ಲಿ ನೂರಕ್ಕೆ ಎಪ್ಪತ್ತೈದರಷ್ಟು ಒಳ್ಳೆಯ ಕಾಗದವೇ ಇದೆ, ಆದರೆ ಪಾಲಿಥಿನ್, ಅಲ್ಯೂಮಿನಿಯಂ ಹಾಳೆ ಅದಕ್ಕೆ ಅಂಟಿಕೊಂಡಿವೆ. ಬಿಡಿಸುವ ಯಂತ್ರವಿರುವ ಕಾರ್ಖಾನೆಗಳು ಬೆರಳೆಣಿಕೆಯಷ್ಟು.

ಚಿಪ್ಸು, ಶಾಂಪೂ, ಬಿಸ್ಕೀಟಿನ ಪ್ಯಾಕೆಟ್ಟುಗಳ ಬಗ್ಗೆ ನಾನು ಮೊದಲು ಸಿಟ್ಟಿನಿಂದಲೇ ಬರೆಯಲು ಕುಳಿತಿದ್ದೆ. ಬರೆಯುತ್ತ ನನ್ನ ತಾಯಿ ನೆನಪಾದಳು. ಶ್ರಾವಣದ ಹೊತ್ತಿಗೆ ಈ ಸೀಮೆಯಲ್ಲಿ ಗೋಡೆಯೂ ಬೆವರುತ್ತದೆ. ಹಪ್ಪಳ, ಅವಲಕ್ಕಿ, ಚೂಡಾ ಎಲ್ಲವನ್ನೂ ಅವಳು ತಗಡಿನ ಡಬ್ಬಿಗಳಲ್ಲಿಟ್ಟು ಬಾಯಿಗೆ ಬಟ್ಟೆ ಕಟ್ಟುತ್ತಿದ್ದಳು. ಆದರೂ ಮೂರನೆಯ ದಿನಕ್ಕೆ ಮೆತ್ತಗೆ. ಅಂಗಡಿಯಲ್ಲಿ ತಗಡಿನ ಡಬ್ಬಿಯಿಂದ ಬಿಡಿಯಾಗಿ ಕೊಡುತ್ತಿದ್ದ ಬಿಸ್ಕೀಟು ಮಳೆಗಾಲದಲ್ಲಿ ಮುರಿದರೆ ಸಪ್ಪಳವೇ ಬರುತ್ತಿರಲಿಲ್ಲ. ಇವತ್ತು ಕಣಕುಂಬಿಯಲ್ಲಿ ಆಷಾಢದ ಮಳೆ ಸುರಿಯುತ್ತಿರುವಾಗಲೂ ಅಂಗಡಿಯ ಚಿಪ್ಸು ಕುರುಂ ಎನ್ನುತ್ತದೆ. ಆ ಎರಡೂವರೆ ಗ್ರಾಮಿನ ಪ್ಯಾಕೆಟ್ಟಿನಲ್ಲಿ ಎಷ್ಟು ಜನ ಕಾವಲುಗಾರರಿದ್ದಾರೆ ನೋಡಿ. ಚಿತ್ರ ಅಚ್ಚಾಗಲು ಹೊರಗೊಂದು ಹಾಳೆ, ಬೆಳಕು–ಗಾಳಿ–ತೇವ ತಡೆಯಲು ಒಳಮೈಗೆ ಮೈಕ್ರಾನಿಗಿಂತಲೂ ತೆಳುವಾದ ಅಲ್ಯೂಮಿನಿಯಂ ಲೇಪ, ಬಿಸಿಗೆ ಅಂಟಿಕೊಂಡು ಬಾಯಿ ಮುಚ್ಚಲು ಒಳಗೊಂದು ಹಾಳೆ, ಇವನ್ನೆಲ್ಲ ಹಿಡಿದಿಡಲು ಅಂಟು. ಇಷ್ಟೂ ಸೇರಿ ಕೂದಲಿನಷ್ಟು ದಪ್ಪವಿದ್ದರೆ ಹೆಚ್ಚು.

ಈ ಕಾವಲುಗಾರರು ಒಬ್ಬರನ್ನೊಬ್ಬರು ಬಿಡದಿರುವುದೇ ಮರುಬಳಕೆಗೆ ಅಡ್ಡಿ. ಶಾಂಪೂ ಚೀಟಿಯಲ್ಲಿ ಸಾಮಾನ್ಯವಾಗಿ ಪೆಟ್ ಮತ್ತು ಪಾಲಿಥಿನ್ ಜೋಡಿ ಇರುತ್ತದೆ. ಪಾಲಿಥಿನ್ 110–130 ಡಿಗ್ರಿಗೆ ಕರಗುತ್ತದೆ. ಪೆಟ್ ಕರಗಲು 250 ದಾಟಬೇಕು. ಮೊಮ್ಮಗಳಿಗೆ ನಾನು ಹೇಳಿದ್ದು ಇಷ್ಟು: ಬೆಲ್ಲ ಮತ್ತು ತೊಗರಿಬೇಳೆಯನ್ನು ಒಂದೇ ಬಾಣಲೆಯಲ್ಲಿ ಒಟ್ಟಿಗೆ ಹುರಿದ ಹಾಗೆ. ಬೇಳೆ ಕೆಂಪಾಗುವಷ್ಟರಲ್ಲಿ ಬೆಲ್ಲ ಸುಟ್ಟು ಕರಿ ಆಗಿರುತ್ತದೆ. ಅಲ್ಯೂಮಿನಿಯಂ ಇದೆಯಲ್ಲ, ಅದನ್ನಾದರೂ ತೆಗೆಯಬಾರದೇ ಎಂದಳು. ಅಷ್ಟು ತೆಳುವಾದ ಲೇಪದಲ್ಲಿ ಲೋಹವೆಷ್ಟು? ನೂರಾರು ಪ್ಯಾಕೆಟ್ ಕೆರೆದರೂ ಒಂದು ಚಮಚೆ ಆಗದು.

ಇದಕ್ಕೆ ಹೋಲಿಸಿದರೆ ಹಾಲಿನ ಪ್ಯಾಕೆಟ್ ಮರ್ಯಾದಸ್ಥ. ಒಂದೇ ಜಾತಿ, ಪಾಲಿಥಿನ್. ಮೂರು–ನಾಲ್ಕು ದಿನ ಬಾಳುವ ಹಾಲಿಗೆ ಅಷ್ಟು ಕಾವಲು ಬೇಡ. ನನ್ನ ಹೆಂಡತಿ ಇದ್ದಾಗ ಅವನ್ನು ತೊಳೆದು ಗೋಡೆಗೆ ಅಂಟಿಸಿ ಒಣಗಿಸುತ್ತಿದ್ದಳು, ವರ್ಷಕ್ಕೊಮ್ಮೆ ಮಾರುತ್ತಿದ್ದಳು. ಮೂಲೆ ಕತ್ತರಿಸುವಾಗ ಚೂರು ಪೂರ್ತಿ ಬೇರೆಯಾಗದ ಹಾಗೆ ಸ್ವಲ್ಪ ಹಿಡಿದಿಡುತ್ತಿದ್ದಳು. ಇದೇನು ಜಿಪುಣತನ ಎಂದು ನಾನು ಹಾಸ್ಯ ಮಾಡಿದ್ದುಂಟು. ಆ ಕಡಲೆಕಾಳಿನಷ್ಟು ಚೂರನ್ನು ಗಟಾರದಿಂದ ಆಯುವವರು ಭೂಮಿಯ ಮೇಲೆ ಯಾರೂ ಇಲ್ಲ ಎಂಬುದು ಅವಳಿಗೆ ಲೆಕ್ಕ ಮಾಡದೆಯೇ ಗೊತ್ತಿತ್ತು.

ಸರ್ಕಾರ ಸುಮ್ಮನೆ ಕೂತಿಲ್ಲ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು ಪ್ಯಾಕೆಟ್ ತಯಾರಿಸಿ ಮಾರುವವರ ಮೇಲೆಯೇ ಅದನ್ನು ವಾಪಸ್ ಒಟ್ಟುಗೂಡಿಸುವ ಹೊಣೆ ಹಾಕಿವೆ, 2022ರಲ್ಲಿ ಅದಕ್ಕೆ ವರ್ಷವಾರು ಗುರಿಗಳೂ ಬಂದವು. ಅದೇ ವರ್ಷ ಜುಲೈ 1ರಿಂದ ಸ್ಟ್ರಾ, ಪ್ಲಾಸ್ಟಿಕ್ ಚಮಚೆ, ತಟ್ಟೆ ಮುಂತಾದವು ನಿಷಿದ್ಧ. ಚಿಪ್ಸಿನ ಪ್ಯಾಕೆಟ್ ಆ ಪಟ್ಟಿಯಲ್ಲಿ ಇಲ್ಲ. ಒಟ್ಟುಗೂಡಿಸಿದ ಪ್ಯಾಕೆಟ್ಟುಗಳನ್ನು ಸಿಮೆಂಟ್ ಭಟ್ಟಿಯಲ್ಲಿ ಕಲ್ಲಿದ್ದಲಿನ ಬದಲು ಉರಿಸುವುದುಂಟು, ಮದುರೈಯ ಪ್ರೊ. ವಾಸುದೇವನ್ ತೋರಿಸಿದ ದಾರಿಯಲ್ಲಿ ಕೆಲವು ಜಾತಿಯ ಪ್ಲಾಸ್ಟಿಕ್ಕನ್ನು ಡಾಂಬರಿಗೆ ಬೆರೆಸಿ ರಸ್ತೆ ಮಾಡುವುದೂ ಉಂಟು. ಗಟಾರಕ್ಕಿಂತ ಅದು ವಾಸಿ. ಆದರೆ ಅಲ್ಲಿಗೂ ಅವನ್ನು ಯಾರಾದರೂ ಆಯ್ದು ಕಳಿಸಬೇಕಲ್ಲ, ಅವರ ಕೂಲಿ ಯಾರು ಕೊಡಬೇಕು? ಕಂಪನಿಯ ಹೊಣೆಯ ಆ ದುಡ್ಡು ನಾನು ಕಂಡಂತೆ ಘಟ್ಟ ಹತ್ತಿ ಕಣಕುಂಬಿಯವರೆಗೆ ಬಂದಿಲ್ಲ.

ದೀಪಾವಳಿಗೆ ನಾವು ಮತ್ತೆ ಅಲ್ಲಿಗೆ ಹೋದೆವು. ಹೊಂಡ ತುಂಬಿತ್ತು, ತೊರೆಯಲ್ಲಿ ನೀರು ಸದ್ದು ಮಾಡುತ್ತಿತ್ತು, ಮೇ ತಿಂಗಳಿನಲ್ಲಿ ನಾವು ಬಿಟ್ಟು ಬಂದ ಮೂಲೆಯ ಕಸ ಕಾಣಲಿಲ್ಲ. ಎಲ್ಲಿ ಹೋಗಿರಬಹುದೆಂದು ಮೊಮ್ಮಗಳು ಈ ಸಲ ಕೇಳಲಿಲ್ಲ. ಚಹಾದಂಗಡಿಯವ ಅಂಗಡಿಯ ಹಿಂದೆ ಕರೆದೊಯ್ದು ತೋರಿಸಿದ. ನೀರಿನ ಬಾಟಲಿಯ ನಾಲ್ಕು ದೊಡ್ಡ ಚೀಲಗಳು. ಗೋವಾಕ್ಕೆ ಕಾಯಿಪಲ್ಲೆ ಇಳಿಸಿ ಖಾಲಿ ವಾಪಸ್ ಹೋಗುವ ಟೆಂಪೋದವನೊಬ್ಬ ತಿಂಗಳಿಗೊಮ್ಮೆ ಬೆಳಗಾವಿಗೆ ಒಯ್ಯುತ್ತಾನಂತೆ. ಖಾಲಿ ಗಾಡಿ ಆದ್ದರಿಂದ ಬಾಡಿಗೆ ಕಡಿಮೆ, ಹೀಗಾಗಿ ಲೆಕ್ಕ ಕೂಡುತ್ತದೆ.

"ಮತ್ತ ಪ್ಯಾಕೆಟ್?" ಎಂದಳು ಇವಳು.

ಅವನು ಅಂಗಳದ ಮೂಲೆಯ ಕರಿಯ ಬೂದಿಯ ಕಡೆ ನೋಡಿ ತಲೆ ಕೆರೆದುಕೊಂಡ. "ಏನ್ ಮಾಡ್ಲಿ ತಂಗಿ, ಯಾರೂ ಒಯ್ಯಂಗಿಲ್ಲ. ರಾತ್ರಿ ಸುಡ್ತೇನಿ. ನಾಯಿ, ದನ ತಿಂತಾವ ಇಲ್ದಿದ್ರ." ಸುಡಬಾರದು, ಹೊಗೆ ಕೆಟ್ಟದ್ದು ಎಂದು ನಾನು ಹೇಳಿದೆ. ಅವನು ಹೌದು ಹೌದು ಎಂದು ಚಹಾ ಕೊಟ್ಟ. ಮೊಮ್ಮಗಳು ಮಾತ್ರ ಅವನೊಡನೆ ಒಂದು ಕರಾರು ಮಾಡಿಕೊಂಡಳು. ಅಂಗಡಿಯ ಮುಂದೆ ಒಂದು ಎಣ್ಣೆ ಡಬ್ಬಿ ಇಟ್ಟು, ತಿಂದವರಿಂದ ಪ್ಯಾಕೆಟ್ ಅದರಲ್ಲೇ ಹಾಕಿಸಬೇಕು. ಸುಡಬಾರದು. ತುಂಬಿದ ಮೇಲೆ ಆ ಟೆಂಪೋದವನ ಕೈಯಲ್ಲಿ ಬಾಟಲಿ ಚೀಲದ ಜೊತೆಗೆ ಬೆಳಗಾವಿಯ ಅವರ ಮನೆಗೆ ಕಳಿಸಬೇಕು. ಅವಳು ತೂಗಿ, ಒಂದು ಮೂಟೆ ಆದ ಮೇಲೆ ಅಪ್ಪನ ಜೊತೆ ಪಾಲಿಕೆಯವರ ಹತ್ತಿರ ಒಯ್ದು, ಇದಕ್ಕೆ ಯಾರು ಗಿರಾಕಿ ಎಂದು ಕೇಳುತ್ತಾಳಂತೆ. ಟೆಂಪೋದವನಿಗೆ ಪ್ರತಿ ಸಲ ₹20, ನನ್ನ ಪೆನ್ಷನ್ನಿನಿಂದ.

ಪ್ರತಿ ಭಾನುವಾರ ಫೋನು ಬರುತ್ತದೆ. ಹೋದ ವಾರ ಕೇಳಿದೆ, ಎಷ್ಟಾಯಿತು ಎಂದು.

"ಮುನ್ನೂರಾ ಹನ್ನೆರಡು ಪ್ಯಾಕೆಟ್ ಅಜ್ಜಾ. ಒಂದ್ ಮೂಟಿ ತುಂಬೇತಿ. ಆದ್ರ ಕಿಲೋ ಇನ್ನೂ ಆಗಿಲ್ಲ."